ಊರು ಪೀಣ್ಯ, ಎರಡನೇ ಹಂತ

ಮೊದಲ ಸೆಮಿಸ್ಟರಿನ ಕನ್ನಡ ತರಗತಿ. ವಿಟಿಯು ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಎರಡು ಕನ್ನಡಗಳಿವೆ: ಕನ್ನಡ ಬರುವವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’. ನಾನು ಮೊದಲನೆಯ ಗುಂಪಿನವನು. ಮೇಷ್ಟ್ರು ಹಾಜರಿ ಮುಗಿಸಿ, “ಪುಸ್ತಕ ನಾಳೆ ತೆಗೆಯೋಣ. ಇವತ್ತು ಒಬ್ಬೊಬ್ಬರೇ ಎದ್ದು ಹೆಸರು, ಊರು, ಊರಿನ ವಿಶೇಷ ಹೇಳಿ” ಅಂದರು.

ಮುಂದಿನ ಬೆಂಚಿನಿಂದ ಶುರುವಾಯಿತು. ಚನ್ನಪಟ್ಟಣದವನು ಗೊಂಬೆ ಹೇಳಿದ. ಇಳಕಲ್ಲಿನವಳು ಸೀರೆ ಹೇಳಿದಳು. ಬ್ಯಾಡಗಿಯವನು ಬಾಯಿ ಬಿಡುವ ಮೊದಲೇ ಯಾರೋ “ಮೆಣಸಿನಕಾಯಿ” ಎಂದು ಕೂಗಿದರು. ಮದ್ದೂರಿಗೆ ವಡೆ, ಧಾರವಾಡಕ್ಕೆ ಪೇಡೆ. ಸಾಗರದ ಹುಡುಗಿ “ಜೋಗ ನಮ್ಮ ತಾಲ್ಲೂಕೇ” ಎಂದು ಗತ್ತಿನಿಂದ ಕೂತಳು. ನನ್ನ ಸರದಿ ಬಂತು.

“ನಮ್ಮೂರು ಪೀಣ್ಯ ಸರ್.”

“ಲೋ, ಅದು ಊರಲ್ಲ ಕಣೋ, ಇಂಡಸ್ಟ್ರಿಯಲ್ ಏರಿಯಾ!” ಹಿಂದಿನ ಬೆಂಚಿನಿಂದ ದನಿ ಬಂತು. ತರಗತಿ ಘೊಳ್ಳೆಂದಿತು. ಮೇಷ್ಟ್ರೂ ನಗುತ್ತಲೇ, “ಅಲ್ಲಪ್ಪಾ, ಈಗಿರೋದು ಪೀಣ್ಯ, ಗೊತ್ತಾಯ್ತು. ನೇಟಿವ್ ಯಾವುದು?” ಅಂದರು.

“ತುರುವೇಕೆರೆ ಹತ್ತಿರ ಸರ್” ಅಂದೆ. “ಹಾಗನ್ನು ಮತ್ತೆ! ತೆಂಗಿನ ಸೀಮೆ” ಎಂದು ವಿಶೇಷವನ್ನು ಅವರೇ ಸೇರಿಸಿದರು. ತುರುವೇಕೆರೆ ಹತ್ತಿರದ ಆ ಹಳ್ಳಿಯಲ್ಲಿ ನಾನು ಹುಟ್ಟಿದಾಗಿನಿಂದ ಕಳೆದ ದಿನಗಳನ್ನೆಲ್ಲ ಕೂಡಿದರೆ ಒಂದು ಸೆಮಿಸ್ಟರ್ ಆಗುವುದಿಲ್ಲ. ಆದರೆ ತರಗತಿಗೆ ಸಮಾಧಾನವಾಯಿತು. ಅವರಿಗೆ ಬೇಕಾಗಿದ್ದ ಊರು ಸಿಕ್ಕಿತ್ತು.

ಈಗ ಕೊನೆಯ ವರ್ಷ, ಮೆಕ್ಯಾನಿಕಲ್. ಕಾಲೇಜಿನಲ್ಲಿ ಕ್ಯಾಂಪಸ್ ಸಂದರ್ಶನದ ತಾಲೀಮು ನಡೆದಿದೆ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂಬ ಪ್ರಶ್ನೆಗೆ ಒಂದೂವರೆ ನಿಮಿಷದ ಉತ್ತರ ಉರುಹೊಡೆಸುತ್ತಿದ್ದಾರೆ. ಅದರಲ್ಲಿ ಊರಿಗೆ ಸಿಗುವುದು ಒಂದೇ ವಾಕ್ಯ. “ಪೀಣ್ಯ ಗೀಣ್ಯ ಬೇಡ, ಬೆಂಗಳೂರು ಅಂದುಬಿಡು, ನೀಟಾಗಿರುತ್ತೆ” ಎಂದು ಸಲಹೆಯೂ ಬಂದಿದೆ. ಅವತ್ತು ಬೆಂಚಿನ ಪಕ್ಕ ನಿಂತು ಹೇಳಲಾಗದ್ದನ್ನು, ಇವತ್ತು ಆ ಒಂದು ವಾಕ್ಯದಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಸ್ಟೇಷನ್, ಒಂದೇ ಹೆಸರು

ಮೆಟ್ರೊ ಹಸಿರು ಮಾರ್ಗದಲ್ಲಿ ಗೊರಗುಂಟೆಪಾಳ್ಯ ದಾಟಿದರೆ ‘ಪೀಣ್ಯ’, ಅದರ ಮುಂದಿನದು ‘ಪೀಣ್ಯ ಇಂಡಸ್ಟ್ರಿ’. ಹೊಸಬರು ಮೊದಲನೆಯದರಲ್ಲಿ ಇಳಿದು ಪೇಚಾಡುವುದುಂಟು. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಹೊರಟ ಹಸಿರು ರೈಲು ಬಂದು ನಿಲ್ಲುತ್ತಿದ್ದ ಕೊನೆಯ ನಿಲ್ದಾಣ ಪೀಣ್ಯ ಇಂಡಸ್ಟ್ರಿ. ಮರುವರ್ಷ ಅದು ನಾಗಸಂದ್ರಕ್ಕೆ ಹೋಯಿತು, 2024ರ ನವೆಂಬರಿನಲ್ಲಿ ಮಾದಾವರಕ್ಕೆ. ಎರಡು ಸ್ಟೇಷನ್ನುಗಳ ಹೆಸರು ಇಟ್ಟವರಿಗೆ ಗೊತ್ತಿತ್ತೋ ಇಲ್ಲವೋ, ಇತಿಹಾಸ ಮಾತ್ರ ಸರಿಯಾಗಿ ಬಂದಿದೆ. ಮೊದಲು ಹಳ್ಳಿ, ಅದರ ಬೆನ್ನಿಗೆ ಇಂಡಸ್ಟ್ರಿ.

ಬೆಂಗಳೂರಿನ ಅಂಚಿನಲ್ಲಿ ದುಡಿಮೆಗೆಂದೇ ಬೆಳೆದ ಜಾಗಗಳಲ್ಲಿ ಜನರ ಬಾಯಲ್ಲಿ ಹೆಚ್ಚು ಓಡಾಡುವ ಹೆಸರು ಮೂರು: ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ. ವೈಟ್‌ಫೀಲ್ಡ್ 1882ರಷ್ಟು ಹಿಂದಿನದು. ಯುರೇಷಿಯನ್ ಮತ್ತು ಆಂಗ್ಲೋ–ಇಂಡಿಯನ್ ಸಂಘಕ್ಕೆ ಕೃಷಿ ವಸಾಹತು ಮಾಡಿಕೊಳ್ಳಲು ಹತ್ತನೇ ಚಾಮರಾಜ ಒಡೆಯರು 3,900 ಎಕರೆ ಕೊಟ್ಟರು. ಸಂಘ ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಎಲೆಕ್ಟ್ರಾನಿಕ್ ಸಿಟಿ 1978ರದು. ಕಿಯೋನಿಕ್ಸ್‌ನ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ ಅವರ ಕನಸಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆ ಸಿಕ್ಕಿತು.

ನನ್ನ ಸಹಪಾಠಿಯೊಬ್ಬ ಕಾಡುಗೋಡಿಯವನು. “ನಮ್ಮೂರು ಈಗ ಬ್ರಾಕೆಟ್‌ನಲ್ಲಿದೆ ಮಗಾ” ಅನ್ನುತ್ತಾನೆ. ನಿಜ, ಅಲ್ಲಿಯ ಮೆಟ್ರೊ ನಿಲ್ದಾಣದ ಹೆಸರು ‘ವೈಟ್‌ಫೀಲ್ಡ್ (ಕಾಡುಗೋಡಿ)’. ಕೋನಪ್ಪನ ಅಗ್ರಹಾರದ ಹೆಸರು 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದಾಗ ನಿಲ್ದಾಣದ ಫಲಕ ಹತ್ತಿತು. ಮೂರರಲ್ಲಿ ಹಳ್ಳಿಯ ಹೆಸರನ್ನೇ ಇಟ್ಟುಕೊಂಡು ಬೆಳೆದದ್ದು ಪೀಣ್ಯ ಒಂದೇ. ತಮಾಷೆಯೆಂದರೆ, ಊರಲ್ಲ ಅನ್ನಿಸಿಕೊಳ್ಳುವುದೂ ಅದೇ.

ಷೆಡ್ಡಿನಲ್ಲಿ ಹುಟ್ಟಿದ ಉಪಗ್ರಹ

ಪೀಣ್ಯ ಯಾಕೆ ಇಲ್ಲೇ ಬೆಳೆಯಿತು? ಅಪ್ಪನ ಉತ್ತರ ಸರಳ: “ಪಕ್ಕದಲ್ಲಿ ಎಚ್‌ಎಂಟಿ ಇತ್ತಲ್ಲ.” 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು, ಮರುವರ್ಷ ಬಿಇಎಲ್. ಯಂತ್ರ ಮಾಡುವ ಯಂತ್ರಗಳನ್ನು ಎಚ್‌ಎಂಟಿ ಮಾಡುತ್ತಿತ್ತು, ಆಮೇಲೆ ಕೈಗಡಿಯಾರವನ್ನೂ. ದೊಡ್ಡ ಕಾರ್ಖಾನೆ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಬೋಲ್ಟು, ಬುಷ್ಷು, ಪಿನ್ನು, ಸ್ಪ್ರಿಂಗು ಹೊರಗಿನವರಿಂದ ಬರಬೇಕು. ಮಾಡಿಕೊಡಲು ಸಣ್ಣ ಷೆಡ್ಡುಗಳು ಬೇಕು, ಷೆಡ್ಡಿಗೆ ಕೈ ಪಳಗಿದವರು ಬೇಕು. ಸರ್ಕಾರ ಎಪ್ಪತ್ತರ ದಶಕದಲ್ಲಿ ಪೀಣ್ಯದ ಹೊಲಗಳನ್ನು ಕೈಗಾರಿಕೆಗೆ ಹಂಚಿತು. ಎಚ್‌ಎಂಟಿಯಲ್ಲಿ ಕಲಿತವರು ಹೊರಗೆ ಬಂದು ಸ್ವಂತ ಷೆಡ್ಡು ಹಾಕಿದರು. ಅವರ ಕೈಕೆಳಗೆ ಹೆಲ್ಪರ್ ಆಗಿ ಸೇರಿದವರು ಮುಂದೆ ಟರ್ನರ್, ಫಿಟ್ಟರ್ ಆದರು. ಅಪ್ಪ ಆ ಮೂರನೆಯ ಸಾಲಿನವರು.

ಆ ಷೆಡ್ಡುಗಳು ಆಗಷ್ಟೇ ಏಳುತ್ತಿದ್ದ ಕಾಲದಲ್ಲಿ ವಿಚಿತ್ರ ಬಾಡಿಗೆದಾರರು ಬಂದರು. ಸೋವಿಯತ್ ಒಕ್ಕೂಟದ ಜೊತೆ 1972ರಲ್ಲಿ ಒಪ್ಪಂದವಾಗಿತ್ತು. ಭಾರತ ಉಪಗ್ರಹ ಮಾಡಿದರೆ ಅವರು ಹಾರಿಸಿಕೊಡುತ್ತಾರೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ತಂಡಕ್ಕೆ ಅದನ್ನು ಮಾಡಲು ಸಿಕ್ಕ ಜಾಗ ಪೀಣ್ಯದ ಕಲ್ನಾರು ಶೀಟಿನ ಷೆಡ್ಡುಗಳು. ತಂಡದಲ್ಲಿ ಬಹಳ ಮಂದಿ ಆಗತಾನೆ ಕಾಲೇಜು ಮುಗಿಸಿದ್ದವರು. ಯಾರೂ ಹಿಂದೆ ಉಪಗ್ರಹ ಮಾಡಿದವರಲ್ಲ. ಎರಡೂವರೆ ವರ್ಷದ ಆಸುಪಾಸಿನಲ್ಲಿ 360 ಕಿಲೋ ತೂಕದ, ಇಪ್ಪತ್ತಾರು ಮುಖದ ‘ಆರ್ಯಭಟ’ ತಯಾರಾಯಿತು. 1975ರ ಏಪ್ರಿಲ್ 19ರಂದು ಕಪೂಸ್ತಿನ್ ಯಾರ್‌ನಿಂದ ಮೇಲೇರಿತು. ನಾಲ್ಕೈದು ದಿನದಲ್ಲಿ ವಿದ್ಯುತ್ ಪೂರೈಕೆ ಕೈಕೊಟ್ಟು ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತವು. ಆದರೆ ಷೆಡ್ಡಿನಲ್ಲೂ ಉಪಗ್ರಹ ಮಾಡಬಹುದು ಎಂಬುದು ಸಾಬೀತಾಗಿತ್ತು.

ಅಪ್ಪ ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ ಲಕ್ಷ್ಮಿಯ ಪಟವಿದೆ. ಅದರ ಚೌಕಟ್ಟಿನ ಮೂಲೆಗೆ ಹಳೆಯ ಎರಡು ರೂಪಾಯಿಯ ನೋಟೊಂದನ್ನು ಸಿಕ್ಕಿಸಿದ್ದಾರೆ. ಎಂಬತ್ತರ ದಶಕದಲ್ಲಿ ಷೆಡ್ಡು ತೆರೆದ ದಿನ ಓನರ್‌ಗೆ ಬಂದ ಬೋಣಿ ದುಡ್ಡಂತೆ. ಎಣ್ಣೆ ಜಿಡ್ಡು, ಊದುಬತ್ತಿಯ ಹೊಗೆ ಹಿಡಿದು ಬಣ್ಣ ಮಾಸಿದೆ. ಸಿಕ್ಕಿಸುವಾಗ ಹಿಂಬದಿ ಹೊರಗೆ ಬಂದಿದೆ. ಆ ಬದಿಯಲ್ಲಿ ಪಟ್ಟೆಪಟ್ಟೆಯ ಒಂದು ಬಹುಮುಖದ ಆಕೃತಿ. ಚಿಕ್ಕಂದಿನಲ್ಲಿ ನಾನದನ್ನು ಯಾವುದೋ ಗೂಡುದೀಪ ಅಂದುಕೊಂಡಿದ್ದೆ. ಆರ್ಯಭಟ ಅಂತ ತಿಳಿದದ್ದು ಹೈಸ್ಕೂಲಿನಲ್ಲಿ. ಇದೇ ಪೀಣ್ಯದ ಷೆಡ್ಡಿನಲ್ಲಿ ಆದದ್ದು ಅಂತ ತಿಳಿದದ್ದು ಇನ್ನೂ ತಡವಾಗಿ. ಓನರ್‌ಗೆ ಓಡಿಹೋಗಿ ಹೇಳಿದೆ. ಅವರು ಕನ್ನಡಕ ಏರಿಸಿ ನೋಟು ನೋಡಿ, “ಹೌದಾ? ಹಂಗಾದ್ರೆ ಲೋಕಲ್ ಮಾಲು” ಅಂದರು.

ಇಪ್ಪತ್ತೊಂದು ಮೈಕ್ರಾನ್

ನಮ್ಮ ಮನೆಯಿಂದ ಅಪ್ಪನ ವರ್ಕ್‌ಶಾಪಿಗೆ ಏಳು ನಿಮಿಷದ ನಡಿಗೆ. ಮೂರು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್ನು, ಸಾಲ ಮಾಡಿ ತಂದ ಒಂದು ಸಿಎನ್‌ಸಿ. ಲೇತುಗಳಲ್ಲೊಂದು ಎಚ್‌ಎಂಟಿಯ ಎಲ್‌ಬಿ 17, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡದು. ಬೆಳಿಗ್ಗೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಅಪ್ಪ ಸ್ವಿಚ್ ಹಾಕುವುದು. ಹಾಲಿನಂಥ ಬಿಳಿ ಕೂಲೆಂಟ್ ಸುರಿಯುತ್ತಿರುತ್ತದೆ. ಉಕ್ಕಿನ ಸುರುಳಿ ಸುತ್ತಿಕೊಂಡು ನೆಲಕ್ಕೆ ಬೀಳುತ್ತದೆ, ಬಿಸಿ ಇದ್ದಾಗ ನೀಲಿ. ನನ್ನ ಬಾಲ್ಯದ ವಾಸನೆ ಯಾವುದು ಅಂತ ಕೇಳಿದರೆ ಆ ಕೂಲೆಂಟಿನದೇ. ಅಪ್ಪನ ಅಂಗಿಯನ್ನು ಎಷ್ಟು ಸಲ ಒಗೆದರೂ ಅದು ಹೋಗುವುದಿಲ್ಲ.

ಎಸ್ಸೆಸ್ಸೆಲ್ಸಿ ರಜೆಯಲ್ಲಿ ನನಗೂ ಅಲ್ಲೊಂದು ಕೆಲಸ ಕೊಟ್ಟರು: ಬುಷ್ ಚೆಕ್ ಮಾಡುವುದು. ಬುಷ್ ಅಂದರೆ ಉಕ್ಕಿನ ಬಳೆ. ಒಳರಂಧ್ರ 25 ಮಿಲಿಮೀಟರ್. ಕೈಯಲ್ಲೊಂದು ಪ್ಲಗ್ ಗೇಜ್, ಎರಡು ತುದಿಯದು. ‘ಗೋ’ ತುದಿ ರಂಧ್ರದೊಳಗೆ ಇಳಿಯಬೇಕು. ಕೆಂಪು ಬಳಿದ ‘ನೋ ಗೋ’ ತುದಿ ಇಳಿಯಬಾರದು. ಗೋ ಇಳಿಯದಿದ್ದರೆ ಇನ್ನೊಂದು ಕಟ್ ಕೊಟ್ಟು ಸರಿಮಾಡಬಹುದು. ನೋ ಗೋ ಇಳಿಯಿತೋ, ಅದು ಸ್ಕ್ರ್ಯಾಪ್, ಕೊರೆದದ್ದನ್ನು ತುಂಬಲಾಗದು. ದಿನಕ್ಕೆ ನಾನೂರು ಬುಷ್ ಮುಟ್ಟುತ್ತಿದ್ದೆ. ಎರಡನೇ ವಾರಕ್ಕೆ ಗೇಜ್ ಇಳಿಯುವ ಮೊದಲೇ ಬೆರಳಿಗೆ ಗೊತ್ತಾಗುತ್ತಿತ್ತು.

ಎಂಜಿನಿಯರಿಂಗಿನಲ್ಲಿ ‘ಲಿಮಿಟ್ಸ್ ಅಂಡ್ ಫಿಟ್ಸ್’ ಪಾಠ ಬಂತು. ಬೋರ್ಡಿನ ಮೇಲೆ ‘25 ಎಚ್7’ ಎಂದು ಬರೆದರು. ಅಪ್ಪನ ಡ್ರಾಯಿಂಗಿನಲ್ಲಿದ್ದ ಅದೇ ಅಕ್ಷರ, ಅದೇ ಅಂಕಿ. ರಂಧ್ರ 25.000ಕ್ಕಿಂತ ಕಮ್ಮಿ ಇರಬಾರದು, 25.021 ಮಿ.ಮೀ. ಮೀರಬಾರದು. ಅಂದರೆ ಒಟ್ಟು ಸಿಗುವ ಜಾಗ ಇಪ್ಪತ್ತೊಂದು ಮೈಕ್ರಾನ್, ತಲೆಗೂದಲಿನ ದಪ್ಪದ ಮೂರರಲ್ಲೊಂದು ಪಾಲಿನಷ್ಟು. ಆ ಸಂಜೆ ಮನೆಗೆ ಬಂದು ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಎಚ್ ಅಂದರೆ ರಂಧ್ರದ ಕೆಳಮಿತಿ ಸೊನ್ನೆಯಿಂದ ಶುರು, ಏಳು ಅಂದರೆ ನಿಖರತೆಯ ದರ್ಜೆ ಅಂತ.

ಅಪ್ಪ ತಟ್ಟೆಯಲ್ಲಿದ್ದ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ಇಷ್ಟು ವರ್ಷ ಡ್ರಾಯಿಂಗಿನಲ್ಲಿ ಎಚ್7 ನೋಡಿದ್ದಾರೆ, ಎಚ್ ಯಾಕೆ ಅಂತ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಓ, ಅದಕ್ಕೇ ಗೋ ತುದಿ ಯಾವಾಗ್ಲೂ ರೌಂಡ್ ಫಿಗರ್ ಇರುತ್ತೆ” ಅಂದರು. ಪುಸ್ತಕದಲ್ಲಿ ಓದಿದ ನನಗೆ ಅದು ಹೊಳೆದಿರಲಿಲ್ಲ. ಅವತ್ತು ಊಟ ಮುಗಿಯುವಷ್ಟರಲ್ಲಿ ನನ್ನ ನಾಲ್ಕು ವರ್ಷದ ಫೀಸಿಗೆ ಒಂದು ಅರ್ಥ ಬಂದಂತಾಯಿತು, ಇಬ್ಬರಿಗೂ.

“ಈ ಬುಷ್ಷು ಎಲ್ಲಿಗೆ ಹೋಗುತ್ತೆ?” ಅಂತ ಹಿಂದೊಮ್ಮೆ ಅಪ್ಪನನ್ನು ಕೇಳಿದ್ದೆ. “ಡ್ರಾಯಿಂಗಿನಲ್ಲಿ ಬರೆದಿಲ್ಲ” ಎಂದರು. ಜಾಬ್ ವರ್ಕ್ ಅಂದರೆ ಹಾಗೇ. ದೊಡ್ಡ ಕಂಪ್ನಿ ಚಿಕ್ಕ ಕಂಪ್ನಿಗೆ ಕೊಡುತ್ತದೆ, ಚಿಕ್ಕದು ಇನ್ನೂ ಚಿಕ್ಕದಕ್ಕೆ. ಪಂಪಿಗೋ, ಬಸ್ಸಿಗೋ, ರೈಲಿಗೋ, ವಿಮಾನಕ್ಕೋ? ಇಸ್ರೊ, ಎಚ್‌ಎಎಲ್‌ಗೆ ಬಿಡಿಭಾಗ ಮಾಡುವ ಘಟಕಗಳೂ ಪೀಣ್ಯದಲ್ಲಿವೆ, ಗಿರಣಿಗೆ ಪುಲ್ಲಿ ಮಾಡುವವೂ ಇವೆ. ಡೆಲಿವರಿ ಚಲನ್ ಮೇಲೆ ಪಾರ್ಟ್ ನಂಬರ್ ಇರುತ್ತದೆ, ಪೀಸಿನ ಲೆಕ್ಕ ಇರುತ್ತದೆ. ಚನ್ನಪಟ್ಟಣದ ಗೊಂಬೆ ಎಲ್ಲಿ ಹೋದರೂ ಚನ್ನಪಟ್ಟಣದ್ದು. ನಮ್ಮ ಬುಷ್ಷು ಗೇಟು ದಾಟಿತೆಂದರೆ ಅದಕ್ಕೆ ಊರಿಲ್ಲ. ತರಗತಿಯಲ್ಲಿ ನನ್ನ ಬಾಯಿಗೆ ವಿಶೇಷ ಬರದಿದ್ದದ್ದು ಇದಕ್ಕೇ ಇರಬೇಕು.

ಅಮ್ಮನ ಏಪ್ರಿಲ್

ಅಮ್ಮ ಗಾರ್ಮೆಂಟ್ಸ್‌ನವರು. ಶರಟಿಗೆ ಕಾಲರ್ ಕೂರಿಸುವ ಟೈಲರ್. ಬೆಳಿಗ್ಗೆ ಎಂಟಕ್ಕೆ ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ, ಲಗ್ಗೆರೆ ಕಡೆಯಿಂದ ಹೊರಡುವ ಹೆಂಗಸರ ಸಾಲು ನೋಡಬೇಕು. ಕೈಯಲ್ಲಿ ಟಿಫಿನ್ ಬಾಕ್ಸು, ಕೊರಳಲ್ಲಿ ಐಡಿ ಕಾರ್ಡು, ಮುಡಿಯಲ್ಲಿ ಒಂದು ಗೇಣು ಕನಕಾಂಬರ. ಒಳಗೆ ಹೋದರೆ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್. ಅಮ್ಮ ಕೂರಿಸಿದ ಕಾಲರಿನ ಕೆಳಗೆ ಹೊಲಿಯುವ ಬ್ರ್ಯಾಂಡಿನ ಲೇಬಲ್ ಬೇರೆ ದೇಶದ್ದು. ಅದರಲ್ಲೂ ಪೀಣ್ಯದ ಹೆಸರಿರುವುದಿಲ್ಲ.

2016ರ ಏಪ್ರಿಲ್. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಕೂತು ಹೊಲಿಯುವವರು ಯಾರು? ಬೆನ್ನು, ಕಣ್ಣು ಅಷ್ಟು ದಿನ ಬಾಳುವುದಿಲ್ಲ. ಪಿಎಫ್ ಅಂದರೆ ಮಗಳ ಮದುವೆ, ಮಗನ ಫೀಸು, ಮನೆಯ ಲೀಸು. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಸಾವಿರಾರು ಹೆಂಗಸರು ಮೆಷಿನ್ ಬಿಟ್ಟು ರಸ್ತೆಗೆ ಬಂದರು. ಮುಂದೆ ನಿಂತು ಕರೆದ ನಾಯಕರಿಲ್ಲ. ಮರುದಿನ ಅದು ನಮ್ಮ ತುಮಕೂರು ರಸ್ತೆಗೂ ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಸಂಜೆಯೊಳಗೆ ಕೇಂದ್ರ ನಿಯಮವನ್ನು ಹಿಂತೆಗೆದುಕೊಂಡಿತು.

ನಾನಾಗ ಬೇಸಿಗೆ ರಜೆಯಲ್ಲಿ ಮನೆಯಲ್ಲಿದ್ದೆ. ಅಮ್ಮ ಮಧ್ಯಾಹ್ನವೇ ನಡೆದು ಬಂದರು. ಕಣ್ಣು ಕೆಂಪಗಿತ್ತು. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡರು, ಹಾಕಿಕೊಳ್ಳುತ್ತಲೇ ಇದ್ದರು. ಆಮೇಲೆ ತೆರೆಯದ ಟಿಫಿನ್ ಬಾಕ್ಸು ಬಿಚ್ಚಿ ಅದರಲ್ಲಿದ್ದ ಚಿತ್ರಾನ್ನವನ್ನು ನನಗೊಂದು ತುತ್ತು, ತಾನೊಂದು ತುತ್ತು ತಿಂದರು. ರಾತ್ರಿ ಟಿವಿಯಲ್ಲಿ ಸುದ್ದಿ ಬಂದಾಗ ಹೇಳಿದ್ದು ಎರಡೇ ಪದ: “ವಾಪಸ್ ತಗೊಂಡ್ರಂತೆ.” ಅವತ್ತು ಏಪ್ರಿಲ್ 19. ಆರ್ಯಭಟ ಹಾರಿದ ತಾರೀಖೂ ಅದೇ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ನಮ್ಮೂರಿಗೊಂದು ಹಬ್ಬದ ದಿನ ಬೇಕೆಂದರೆ ನಾನು ಆರಿಸುವುದು ಅದನ್ನೇ.

ಊರೆಂದ ಮೇಲೆ ಹೊಗಳಿಕೆಯೊಂದೇ ಸಾಲದು. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ಇಳಿದ ಕ್ರೋಮಿಯಂ ಪೀಣ್ಯದ ಅಂತರ್ಜಲದಲ್ಲಿದೆ. ಅದಕ್ಕೇ ನಮ್ಮ ಬೀದಿಯಲ್ಲಿ ಬೋರ್‌ವೆಲ್ ನೀರನ್ನು ಯಾರೂ ಬಾಯಿಗೆ ಹಾಕುವುದಿಲ್ಲ. ಕುಡಿಯಲು ಕಾವೇರಿ, ಇಲ್ಲವೇ ಕ್ಯಾನು. ಹೊಳೆಯುವ ನಲ್ಲಿ, ಹೊಳೆಯುವ ಹ್ಯಾಂಡಲ್ ನೋಡಿದಾಗ ಆ ಹೊಳಪಿನ ಮಡ್ಡಿ ಎಲ್ಲಿ ಇಳಿಯಿತು ಎಂಬ ಯೋಚನೆ ನನಗೆ ಬರುತ್ತದೆ. ಪ್ರಾಜೆಕ್ಟ್ ವರ್ಕಿಗೆ ವಿಷಯ ಹುಡುಕುವಾಗ ನಮ್ಮ ತಂಡ ಕೂಲೆಂಟನ್ನು ಸೋಸಿ ಮತ್ತೆ ಬಳಸುವ ಸಣ್ಣ ಘಟಕವನ್ನು ಆರಿಸಿಕೊಂಡಿತು. ಅಪ್ಪನ ಲೇತಿಗೇ ಜೋಡಿಸಿ ನೋಡಿದ್ದೇವೆ. ಮೊದಲ ವಾರವೇ ಫಿಲ್ಟರ್ ಕಟ್ಟಿಕೊಂಡಿತು. ಈಗ ಎರಡನೆಯದು ನಡೆದಿದೆ.

ಊರು ಮುಟ್ಟುವುದು

2023ರ ಆಗಸ್ಟ್ 23. ಚಂದ್ರಯಾನ–3 ಇಳಿಯುವ ಸಂಜೆ. ಅದನ್ನು ನಿಯಂತ್ರಿಸುತ್ತಿದ್ದ ಇಸ್ಟ್ರ್ಯಾಕ್ ಕೇಂದ್ರ ಇರುವುದು ಪೀಣ್ಯದಲ್ಲೇ. ಇಡೀ ಜಗತ್ತು ಟಿವಿಯಲ್ಲಿ ನೋಡುತ್ತಿದ್ದ ಆ ಕೊಠಡಿ ಅಪ್ಪ ದಿನವೂ ಟೀ ಕುಡಿಯುವ ಅಂಗಡಿಯಿಂದ ಬಹಳ ದೂರವೇನಿಲ್ಲ. ವರ್ಕ್‌ಶಾಪಿನಲ್ಲಿ ಲೇತುಗಳನ್ನು ಆಫ್ ಮಾಡಿ ಎಲ್ಲರೂ ಓನರ್ ಮೊಬೈಲಿನ ಸುತ್ತ ನಿಂತಿದ್ದರು. ಒಡಿಶಾದ ಇಬ್ಬರು ಹುಡುಗರು, ಗದಗದ ವೆಲ್ಡರ್, ಅಪ್ಪ, ನಾನು. ಆರು ಗಂಟೆ ನಾಲ್ಕು ನಿಮಿಷಕ್ಕೆ ಇಳಿಯಿತು. ಚಪ್ಪಾಳೆ ಹೊಡೆದೆವು. ಓನರ್ ಎಲ್ಲರಿಗೂ ಬನ್ನು, ಟೀ ತರಿಸಿದರು. ಆಮೇಲೆ ಅಪ್ಪ, “ಐವತ್ತು ಪೀಸು ಬಾಕಿ ಇದೆ” ಎಂದು ಸ್ವಿಚ್ ಹಾಕಿದರು. ಕಲ್ನಾರಿನ ಷೆಡ್ಡಿನಿಂದ ಚಂದ್ರನವರೆಗೆ, ಸುಮಾರು ಐವತ್ತು ವರ್ಷಗಳಲ್ಲಿ, ಅದೇ ಪಿನ್‌ಕೋಡಿನ ಆಸುಪಾಸಿನಲ್ಲೇ ಆದ ಪ್ರಯಾಣ. ಯಾರೂ ಅದನ್ನು ಊರಿನ ವಿಶೇಷ ಅನ್ನಲಿಲ್ಲ.

ಮೊನ್ನೆ ಸಂಕ್ರಾಂತಿಗೆ ಅಜ್ಜಿಯ ಮನೆಗೆ ಹೋಗಿದ್ದೆ, ಮೇಷ್ಟ್ರು ಒಪ್ಪಿದ್ದ ಆ ‘ನೇಟಿವ್’ಗೆ. ಬಸ್ಸಿಳಿದು ಕೆರೆ ಏರಿ ದಾಟುವಾಗ ಎದುರಾದವರು ಯಾರೂ ನನ್ನ ಗುರುತು ಹಿಡಿಯಲಿಲ್ಲ, ಅಪ್ಪನ ಹೆಸರು ಹೇಳಬೇಕಾಯಿತು. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತಿ, “ಯಾವಾಗ್ ಬಂದ್ಯೋ ಮಗ ಊರಿಂದ?” ಅಂದರು.

ಆ ಮಾತು ಹೊಸದೇನಲ್ಲ, ಹೋದಾಗಲೆಲ್ಲ ಕೇಳುವುದೇ. ಕಿವಿಗೆ ಬಿದ್ದದ್ದು ಮಾತ್ರ ಈ ಸಲ. ತಾನಿರುವುದು ತನ್ನೂರು, ನಾವಿರುವುದು ನಮ್ಮೂರು. ಅಜ್ಜಿಗೆ ಅದರಲ್ಲಿ ಗೊಂದಲವೇ ಇಲ್ಲ. ಮಗ ಊರು ಬಿಟ್ಟು ಹೋದ ಎಂಬ ನೋವೆಲ್ಲ ಎಂದೋ ಅರಗಿ, ಉಳಿದಿರುವುದು ಈ ಸಲೀಸು ಮಾತು. ಹೊರಡುವಾಗ ಒಂದು ಚೀಲ ರಾಗಿ, ಎಂಟು ತೆಂಗಿನಕಾಯಿ ಕಟ್ಟಿಕೊಟ್ಟು, “ಊರು ಮುಟ್ಟುತ್ಲೂ ಫೋನ್ ಮಾಡು” ಎಂದರು.

ಬಸ್ಸು ಕುಣಿಗಲ್ ದಾಟಿತು, ನೆಲಮಂಗಲ ದಾಟಿತು. ಅಪ್ಪ ತೊಂಬತ್ತರ ದಶಕದಲ್ಲಿ ಇದೇ ದಾರಿಯಲ್ಲಿ ಬಂದವರು. ಮೆಜೆಸ್ಟಿಕ್‌ವರೆಗೆ ಹೋಗದೆ ಜಾಲಹಳ್ಳಿ ಕ್ರಾಸಿನಲ್ಲೇ ಇಳಿದರಂತೆ. ಕೆಲಸ ಇಲ್ಲೇ ಇದೆ ಎಂದು ಪಕ್ಕದ ಸೀಟಿನವರು ಹೇಳಿದ್ದರಂತೆ. ತುಮಕೂರು, ಹಾಸನ ಕಡೆಯ ಎಷ್ಟೋ ಮನೆಗಳು ಪೀಣ್ಯದ ಸುತ್ತ ಬೇರುಬಿಟ್ಟದ್ದಕ್ಕೆ ಬಸ್ಸು ಮೊದಲು ಈ ದಾರಿಯಲ್ಲೇ ಹಾಯುತ್ತದೆ ಎಂಬುದೂ ಒಂದು ಕಾರಣ. ನಾನೂ ಅಲ್ಲೇ ಇಳಿದೆ. ಎರಡನೇ ಪಾಳಿ ಬಿಡುವ ಹೊತ್ತು. ರಾಗಿ ಚೀಲ ಹೆಗಲಿಗೇರಿಸಿ ಫ್ಲೈಓವರ್ ಕೆಳಗೆ ನಿಂತು ಫೋನ್ ಮಾಡಿದೆ. ಸದ್ದಿನಲ್ಲಿ ಅಜ್ಜಿಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಕೂಗಿ ಹೇಳಬೇಕಾಯಿತು.

“ಊರು ಮುಟ್ಟಿದೆ ಅಜ್ಜೀ.”